ಎರಡು ಮಿಲಿಮೀಟರ್ ಉಕ್ಕು

1966ರ ಬೇಸಿಗೆ ರಜೆಯ ಒಂದು ಸಂಜೆ ಅಜ್ಜ, "ಬಾ ಮಗಾ, ರೆಕಾರ್ಡ್ ತಪ್ಪುಕ್ ಹ್ವಾಪ" ಎಂದರು. ನನಗಾಗ ಒಂಬತ್ತು ವರ್ಷ. ಮದ್ರಾಸಿನ ಪೆರಂಬೂರಿನ ನಮ್ಮ ವಠಾರದಲ್ಲಿ ಗ್ರಾಮಫೋನ್ ಇದ್ದದ್ದು ಒಂದೇ ಮನೆಯಲ್ಲಿ. ರೆಕಾರ್ಡ್ ತಂದು ಅಜ್ಜ ಅದನ್ನು ಯಾವುದರ ಮೇಲೆ ತಿರುಗಿಸುತ್ತಾರೆ ಎಂದು ನಾನು ಕೇಳಲಿಲ್ಲ. ಕೇಳಿದರೆ ಎಲ್ಲಿ ಬಿಟ್ಟುಹೋಗುತ್ತಾರೋ ಎಂಬ ಭಯ.

ಸೆಂಟ್ರಲ್ ಸ್ಟೇಷನ್ನಿನ ಪಕ್ಕದ ಆ ಕೆಂಪು ಕಟ್ಟಡದ ಮೂರ್ ಮಾರ್ಕೆಟ್ ನೋಡಿದವರಿಗೆ ಗೊತ್ತು, ಅಲ್ಲಿ ಸಿಗದ ವಸ್ತುವಿರಲಿಲ್ಲ. ಹಳೇ ಪುಸ್ತಕ, ಮೊಲದ ಮರಿ, ಗಡಿಯಾರದ ಮುಳ್ಳು, ಯಾರದೋ ಮದುವೆಯ ಫೋಟೋ ಚೌಕಟ್ಟು. ಅಜ್ಜ ಸಂಗೀತದ ತಟ್ಟೆಗಳ ಅಂಗಡಿಯನ್ನು ತಿರುಗಿಯೂ ನೋಡದೆ ದಾಟಿದರು. ಕಬ್ಬಿಣದ ಸಾಮಾನಿನ ರಾಶಿಯ ಮುಂದೆ ಕುಕ್ಕುರುಗಾಲಲ್ಲಿ ಕೂತು, ನೀಲಿ ಬಣ್ಣ ಅಲ್ಲಲ್ಲಿ ಎದ್ದುಹೋಗಿದ್ದ ಒಂದು ಭಾರದ ವಸ್ತುವನ್ನು ಎತ್ತಿಕೊಂಡರು. ಅದರ ಎರಕದ ಮೈಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ 'ರೆಕಾರ್ಡ್' ಎಂದು ಉಬ್ಬು ಬರಹವಿತ್ತು. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ತಯಾರಾದ, ಹದಿನಾಲ್ಕು ಅಂಗುಲ ಉದ್ದದ, ಮರ ಹೆರೆಯುವ ಕೀಸುಳಿ. ಅಜ್ಜ ಅದನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ತಳದುದ್ದಕ್ಕೂ ನೋಡಿದರು. ಹದಿನೆಂಟು ರೂಪಾಯಿಗೆ ವ್ಯಾಪಾರ ಕುದುರಿತು. ಟ್ರಾಮುಗಳ ಕಾಲ ಮುಗಿದಿತ್ತು, ಬಸ್ಸಿನ ಚಿಲ್ಲರೆಗೂ ದುಡ್ಡು ಉಳಿಯಲಿಲ್ಲ. ಪೆರಂಬೂರಿನ ತನಕ ನಡೆದುಕೊಂಡೇ ಬಂದೆವು. ದಾರಿಯುದ್ದಕ್ಕೂ ನಾನು ಅತ್ತೆ.

ಅಜ್ಜ ಕುಂದಾಪುರದ ಕಡೆಯವರು, ಆಚಾರಿ ಮನೆತನ. ಆಗ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ರೈಲು 1907ರಲ್ಲೇ ಮಂಗಳೂರು ಮುಟ್ಟಿತ್ತು. ಹಾಗಾಗಿ ಹೋಟೆಲು ಇಡುವವರೂ ಓದುವವರೂ ಕೆಲಸ ಹುಡುಕುವವರೂ ಬೆಂಗಳೂರಿಗಿಂತ ಸಲೀಸಾಗಿ ಮದ್ರಾಸಿಗೆ ಬರುತ್ತಿದ್ದರು. ಅಜ್ಜ ಬಂದದ್ದು 1938ರಲ್ಲಿ, ಇಪ್ಪತ್ತರ ಹರೆಯದಲ್ಲಿ. ಮೊದಲು ಉಡುಪಿ ಹೋಟೆಲುಗಳಿಗೆ ಬೆಂಚು, ಗಲ್ಲಾಪೆಟ್ಟಿಗೆ ಮಾಡಿಕೊಡುತ್ತಿದ್ದವರು, ಆಮೇಲೆ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಯ ಪೆರಂಬೂರು ಕಾರ್ಖಾನೆ ಸೇರಿದರು. ಆಗಿನ ರೈಲು ಡಬ್ಬಿಗಳ ಮೈಯೆಲ್ಲ ಮರ. ಊರಲ್ಲಿ ಅಜ್ಜ ಕೆಲಸ ಕಲಿತದ್ದು ಕಿರಾಲ್‌ಬೋಗಿ ಮರದ ಮೇಲೆ. ಇಲ್ಲಿ ಬೋಗಿ ಅಂದರೆ ರೈಲಿನ ಗಾಡಿ. "ಅಲ್ಲಿ ಬೋಗಿಯಿಂದ ಮನೆ ಮಾಡ್ತಿದ್ದೆ, ಇಲ್ಲಿ ಮರದಿಂದ ಬೋಗಿ ಮಾಡ್ತೆ" ಎಂದು ತಮಾಷೆ ಮಾಡುತ್ತಿದ್ದರು. 1955ರಲ್ಲಿ ಅದೇ ಪೆರಂಬೂರಿನಲ್ಲಿ ಇಂಟಿಗ್ರಲ್ ಕೋಚ್ ಫ್ಯಾಕ್ಟರಿ ಶುರುವಾಗಿ ಉಕ್ಕಿನ ಗಾಡಿಗಳು ಹೊರಬರತೊಡಗಿದ ಮೇಲೆ ಈ ತಮಾಷೆ ನಿಂತುಹೋಯಿತು.

ಕೀಸುಳಿ ಎಂದರೆ ಎಲ್ಲ ಕನ್ನಡಿಗರಿಗೂ ಅರ್ಥವಾಗುವುದಿಲ್ಲವೆಂದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಮೈಸೂರಿನ ಕಡೆಯವರಿಗೆ ಅದು ಹತ್ತರಿ, ಪುಸ್ತಕದವರಿಗೆ ಉಜ್ಜುಗೊರಡು. ಇಲ್ಲಿನ ಆಸಾರಿಗಳು ಇಳೈಪ್ಪುಳಿ ಎನ್ನುತ್ತಾರೆ. ತಮಿಳಿನಲ್ಲಿ ಸೀವುಳಿ ಎಂಬ ಇನ್ನೊಂದು ಮಾತೂ ಇದೆ. ಕನ್ನಡದ ಕಿವಿ ತಮಿಳಿನಲ್ಲಿ ಸೆವಿ ಆಗುವ ಹಾಗೆ ಕೀಸುಳಿಯೂ ಸೀವುಳಿಯೂ ಒಂದೇ ಬಳ್ಳಿಯ ಕಾಯಿ ಇರಬೇಕು ಅನಿಸುತ್ತದೆ. ಹೆಸರಿನ ಬಾಲದಲ್ಲಿ ಉಳಿ ಇದೆ ನೋಡಿ: ಮರದ ಅಥವಾ ಕಬ್ಬಿಣದ ಮನೆಯೊಳಗೆ ಓರೆಯಾಗಿ ಕೂರಿಸಿದ ಅಗಲ ಉಳಿ, ಅಷ್ಟೇ. ಮಿಕ್ಕಿದ್ದೆಲ್ಲ ಆ ಉಳಿಯನ್ನು ಅಲುಗದಂತೆ ಹಿಡಿಯುವ ಏರ್ಪಾಡು.

ಅಜ್ಜನ ಪೆಟ್ಟಿಗೆಯಲ್ಲಿ ಮೂರು ಕೀಸುಳಿಗಳಿದ್ದವು. ಊರಿಂದ ತಂದ, ಅವರೇ ಕೆತ್ತಿದ ಮರದ್ದೊಂದು. ರೈಲ್ವೆಯಲ್ಲಿ ನಿವೃತ್ತನಾಗುತ್ತಿದ್ದ ಒಬ್ಬ ಹಿರಿಯ ಮೇಸ್ತ್ರಿ ಕೊಟ್ಟ, ದಪ್ಪ ಬ್ಲೇಡಿನ ಇಂಗ್ಲಿಷ್ ಮರದ್ದೊಂದು. ಮತ್ತೆ ಈ ನೀಲಿ ರೆಕಾರ್ಡ್. ಅಜ್ಜ 1976ರಲ್ಲಿ ನಿವೃತ್ತರಾದರು, 1989ರಲ್ಲಿ ತೀರಿಕೊಂಡರು. ಅಪ್ಪ ಟೈಪ್‌ರೈಟಿಂಗ್ ಹೈಯರ್ ಪಾಸು ಮಾಡಿ ಗುಮಾಸ್ತರಾದರು, ನಾನು ಬ್ಯಾಂಕು ಸೇರಿದೆ. ಮನೆತನದ ವಿದ್ಯೆ ಎರಡು ತಲೆಮಾರು ಮಂಚದ ಕೆಳಗೆ ಮಲಗಿತು. ವರ್ಷಕ್ಕೊಮ್ಮೆ ಆಯುಧಪೂಜೆಗೆ ಹೊರಗೆ ತೆಗೆದು, ಎಣ್ಣೆ ಒರೆಸಿ, ಕುಂಕುಮ ಇಟ್ಟು, ಮತ್ತೆ ಒಳಗೆ ತಳ್ಳುತ್ತಿದ್ದೆ. ಇಡುವಾಗ ಅಜ್ಜನ ಮಾತು ನೆನಪಾಗುತ್ತಿತ್ತು: "ಬಾಯಿ ಕೆಳ್ಗಾಯಿ ಇಡೂಕಾಗ, ಅಡ್ಡ ಮಲ್ಗ್ಸ್." ಮೊನೆ ನೆಲಕ್ಕೆ ತಾಗಬಾರದು. ಅಡ್ಡ ಮಲಗಿಸುತ್ತಿದ್ದೆ.

2015ರ ಡಿಸೆಂಬರ್ ಮೊದಲ ವಾರ ಅಡ್ಯಾರ್ ನದಿ ಜಾಫರ್‌ಖಾನ್‌ಪೇಟೆಯ ನಮ್ಮ ಮನೆಗೆ ಬಂತು. ನಾವು ನೆಲಮಹಡಿಯವರು. ರಾತ್ರಿ ಪಾದ ಮುಟ್ಟಿದ ನೀರು ಬೆಳಕು ಹರಿಯುವಾಗ ಎದೆಮಟ್ಟ. ಮೇಲಿನ ಮನೆಯವರು ನಮ್ಮನ್ನು ಸೇರಿಸಿಕೊಂಡರು. ನೀರು ಇಳಿದ ಮೇಲೆ ಉಳಿದದ್ದು ಕೆಸರು. ಮೊದಲು ಮನೆಪತ್ರ, ಮಕ್ಕಳ ಸರ್ಟಿಫಿಕೇಟು, ಆಮೇಲೆ ಹಾಸಿಗೆ, ಫ್ರಿಜ್ಜು. ಇಡೀ ಬೀದಿಯಲ್ಲಿ ಎಲ್ಲರೂ ತಮ್ಮ ತಮ್ಮ ಸಂಸಾರವನ್ನು ರಸ್ತೆಗೆ ಹರವಿದ್ದರು. ಅಜ್ಜನ ಪೆಟ್ಟಿಗೆಯ ನೆನಪಾದದ್ದು ಮೂರು ವಾರ ಕಳೆದ ಮೇಲೆ. ಮುಚ್ಚಳ ಉಬ್ಬಿ ಬಿಗಿದಿತ್ತು. ಸುತ್ತಿಗೆಯಿಂದ ತಟ್ಟಿ ತೆಗೆದಾಗ ಒಳಗೆ ಇನ್ನೂ ಒದ್ದೆ ಕೆಸರು, ಅದರ ನಡುವೆ ಕೆಂಪು ಮುದ್ದೆಗಳು.

ಸೀಮೆಎಣ್ಣೆಯಲ್ಲಿ ನೆನೆಸಿದೆ, ಮರಳುಕಾಗದದಲ್ಲಿ ತಿಕ್ಕಿದೆ. ಕೆಂಪು ಹೋಗಿ ಕಪ್ಪು ಬಂತು. ಕಪ್ಪು ಹೋದಲ್ಲಿ ಸಿಡುಬಿನ ಕಲೆಯ ಹಾಗೆ ಗುಳಿಗಳು ಕಂಡವು. ರೆಕಾರ್ಡಿನ ಬ್ಲೇಡಿಗೆ ಅವು ಬಿದ್ದದ್ದು ಬೆನ್ನಿನ ಮೇಲೆ, ಮೊನೆಯ ಹತ್ತಿರ. ಹೊರಗಿನವರಿಗೆ ಇದು ಸಣ್ಣ ವಿಷಯ. ಆದರೆ ಮೊನೆ ಎನ್ನುವುದು ಎರಡು ಮುಖ ಕೂಡುವ ಗೆರೆ. ಒಂದು ಮುಖ ನಾವು ಸಾಣೆಗೆ ಹಿಡಿಯುವ ಇಳಿಜಾರು, ಇನ್ನೊಂದು ಬ್ಲೇಡಿನ ಚಪ್ಪಟೆ ಬೆನ್ನು. ಇಳಿಜಾರನ್ನು ಎಷ್ಟು ಮಸೆದರೂ ಬೆನ್ನಿನ ಗುಳಿ ಗೆರೆಗೆ ಬಂದಲ್ಲಿ ಮೊನೆಗೆ ಒಂದು ಹಲ್ಲು ಮುರಿದಂತೆ. ಮರದ ಮೇಲೆ ಅಲ್ಲೊಂದು ಏಣು ಎದ್ದು ನಿಲ್ಲುತ್ತದೆ. ಎರಡು ಮಿಲಿಮೀಟರ್ ದಪ್ಪದ ತಗಡಿನಲ್ಲಿ ಗುಳಿ ಮಾಯವಾಗುವ ತನಕ ಬೆನ್ನು ಉಜ್ಜಿದರೆ ಉಳಿಯುವುದು ಏನು?

ಆಗ ಸುಮ್ಮನಾದೆ. 2017ರಲ್ಲಿ ನಿವೃತ್ತನಾದೆ. ಮೊದಲ ತಿಂಗಳು ಪೇಪರು ಓದಿದೆ, ಎರಡನೇ ತಿಂಗಳು ಹೆಂಡತಿಯ ಅಡುಗೆಮನೆಯಲ್ಲಿ ತಪ್ಪು ಹುಡುಕಿದೆ. ಮೂರನೇ ತಿಂಗಳು ಅವಳೇ ಅಜ್ಜನ ಪೆಟ್ಟಿಗೆಯನ್ನು ವರಾಂಡಕ್ಕೆ ಎಳೆದು ತಂದಿಟ್ಟಳು.

ಪ್ಯಾರೀಸ್ ಕಾರ್ನರ್ ಹತ್ತಿರದ ಲಿಂಗಿಚೆಟ್ಟಿ ಬೀದಿಯಲ್ಲಿ ಹೊಸ ಬ್ಲೇಡು ಸಿಕ್ಕಿತು, ಅಗ್ಗಕ್ಕೇ. ಮೊನೆ ಚೆನ್ನಾಗಿಯೇ ಬಂತು. ಹಳೇ ತೇಗದ ಬಾಗಿಲಪಟ್ಟಿಯ ಮೇಲೆ ಹತ್ತು ಸಲ ಎಳೆಯುವಷ್ಟರಲ್ಲಿ ಮೊನೆ ಮಡಚಿಕೊಂಡಿತು, ಬೆರಳ ತುದಿಗೆ ತಗಡಿನ ಸುರುಳಿ ಸಿಗುವಷ್ಟು. ವಿದೇಶದ ಒಳ್ಳೆಯ ಬ್ಲೇಡುಗಳ ಬೆಲೆ ನೋಡಿ, ಸುಂಕ ಸೇರಿಸಿ, ಬ್ಯಾಂಕಿನವನ ಬುದ್ಧಿಯಲ್ಲಿ ಲೆಕ್ಕ ಹಾಕಿ, ನಾನೇ ಮಾಡುತ್ತೇನೆ ಎಂದು ತೀರ್ಮಾನಿಸಿದೆ. ಆ ಲೆಕ್ಕ ಎಷ್ಟು ತಪ್ಪು ಎಂಬುದನ್ನು ಹೆಂಡತಿ ಇಂದಿಗೂ ಎತ್ತಿ ಹೇಳುತ್ತಾಳೆ.

ಕೂವಂ ದಂಡೆಯ ಪುದುಪೇಟ್ಟೈ ಬೀದಿಗಳಲ್ಲಿ ಹಳೇ ಮೋಟಾರುಗಳನ್ನು ಬಿಚ್ಚಿ ಅಂಗಾಂಗ ಮಾರುತ್ತಾರೆ. ಅಲ್ಲಿ ಒಂದು ಲಾರಿಯ ಸ್ಪ್ರಿಂಗ್ ಪಟ್ಟಿ ಕೊಂಡೆ. ಊರ ಕಮ್ಮಾರರು ಕತ್ತಿಗೂ ಕುಡುಗೋಲಿಗೂ ಅದನ್ನೇ ಬಳಸುವುದನ್ನು ನೋಡಿದ್ದೆನಲ್ಲ. ಪೂಂದಮಲ್ಲಿ ಹೆದ್ದಾರಿಯ ಬದಿಯಲ್ಲಿ ಕುಲುಮೆ ಇಟ್ಟಿದ್ದ ಮುದುಕನೊಬ್ಬನಿಗೆ ಕೊಟ್ಟು, ಕಾಯಿಸಿ ಬಡಿದು ತೆಳ್ಳಗೆ ಮಾಡು ಎಂದೆ. ಅವನು ಪಟ್ಟಿಯನ್ನೂ ನನ್ನನ್ನೂ ನೋಡಿ, "ಕತ್ತಿಕ್ಕು ಸರಿ ಸಾರ್, ಇಳೈಪ್ಪುಳಿಕ್ಕು ಆಗಾದು" ಅಂದ. ಕತ್ತಿಗೆ ಸರಿ, ಕೀಸುಳಿಗೆ ಆಗದು. ನಾನು ನಕ್ಕೆ. ಸ್ಪ್ರಿಂಗಿನ ಉಕ್ಕಿನಲ್ಲಿ ಇಂಗಾಲ ನೂರಕ್ಕೆ ಅರ್ಧ ಭಾಗಕ್ಕಿಂತ ತುಸು ಹೆಚ್ಚು, ಅಷ್ಟೇ. ಬಾಗಿ ಮತ್ತೆ ನೆಟ್ಟಗಾಗುವುದು ಅದರ ಗುಣ, ತೆಳು ಮೊನೆಯನ್ನು ಹಿಡಿದು ನಿಲ್ಲುವುದಲ್ಲ. ಮುದುಕನಿಗೆ ಇಂಗಾಲದ ಲೆಕ್ಕ ಬೇಕಿರಲಿಲ್ಲ. ಗಿರಾಕಿ ಹೇಳಿದ ಮೇಲೆ ಮಾಡಿಕೊಟ್ಟ. ಮೂರು ಮಿಲಿಮೀಟರಿಗೂ ತುಸು ದಪ್ಪವಿತ್ತು. ದಪ್ಪವಿದ್ದಷ್ಟೂ ಗಟ್ಟಿ ಎಂದು ಹೆಮ್ಮೆಯಿಂದ ಮನೆಗೆ ತಂದೆ.

ಇಲ್ಲಿಂದ ಮುಂದಿನದನ್ನು ಬರೆಯಲು ನಾಚಿಕೆಯಾಗುತ್ತದೆ. ಆ ಬ್ಲೇಡು ಕೀಸುಳಿಯೊಳಗೆ ಕೂತಿತು, ಆದರೆ ತಳದ ಸೀಳಿನಿಂದ ಹೊರಗೆ ಇಣುಕಲಿಲ್ಲ. ಬಾಯಿ ಕಟ್ಟಿತ್ತು. ಬ್ಲೇಡು ಸರಿಯಿಲ್ಲ ಎನ್ನುವ ಬದಲು ಬಾಯಿ ಕಿರಿದು ಎಂದುಕೊಂಡೆ. ಚಪ್ಪಟೆ ಅರ ತೆಗೆದುಕೊಂಡು ಅಜ್ಜನ ರೆಕಾರ್ಡಿನ ಬಾಯಿಯನ್ನು ಮುಂದಕ್ಕೆ ಅರೆದೆ. ಎರಕದ ಕಬ್ಬಿಣ ಬೆಣ್ಣೆಯ ಹಾಗೆ ಸವೆಯುತ್ತದೆ. ಐದೇ ನಿಮಿಷ. ಆಮೇಲೆ ಬ್ಲೇಡು ಹೊರಬಂತು. ಎಷ್ಟು ಬಂತು ಎಂಬುದನ್ನು ಹಿಡಿತಕ್ಕೆ ತರಲು ಹಿಂದಿನ ಹಿತ್ತಾಳೆ ಚಕ್ರ ತಿರುಗಿಸಿದರೆ ಅದು ಸುಮ್ಮನೆ ತಿರುಗುತ್ತಲೇ ಇತ್ತು. ಚಕ್ರ ದೂಡುವುದು ಒಂದು ಕವೆಯನ್ನು; ಆ ಕವೆಯ ನಾಲಿಗೆ ಬ್ಲೇಡಿನ ಸೀಳನ್ನು ದಾಟಿ, ಬ್ಲೇಡಿನ ಮೇಲೆ ಸ್ಕ್ರೂ ಹಾಕಿ ಕೂರಿಸಿದ ತಗಡಿನ ಸಣ್ಣ ಕಿಂಡಿಯಲ್ಲಿ ಸಿಕ್ಕಬೇಕು. ನನ್ನ ದಪ್ಪ ಬ್ಲೇಡಿನಿಂದಾಗಿ ಅದು ಅಲ್ಲಿಯ ತನಕ ಮುಟ್ಟುತ್ತಲೇ ಇರಲಿಲ್ಲ. ಅಮೆರಿಕದ ಲಿಯೊನಾರ್ಡ್ ಬೈಲಿ ಈ ನಮೂನೆಯ ಕೀಸುಳಿಯನ್ನು 1860ರ ದಶಕದಲ್ಲಿ ರೂಪಿಸಿದ. ಸ್ಟ್ಯಾನ್ಲಿ ಕಂಪನಿ 1869ರಲ್ಲಿ ಅವನ ಹಕ್ಕುಗಳನ್ನು ಕೊಂಡಿತು. ಶೆಫೀಲ್ಡಿನ ರೆಕಾರ್ಡ್ 1930ರ ದಶಕದಲ್ಲಿ ಅದೇ ಮಾದರಿಯನ್ನು ಹಿಡಿಯಿತು. ಇಡೀ ಯಂತ್ರ ತೆಳು ಬ್ಲೇಡಿನ ಸುತ್ತ ಹೆಣೆದದ್ದು. ಉಕ್ಕು ಉಳಿಸಲು ತೆಳ್ಳಗೆ ಮಾಡಿದ್ದಾರೆ ಎಂದು ನಾನು ತಿಳಿದಿದ್ದೆ. ಆ ತೆಳುವಿಗೇ ಕವೆ, ಕಿಂಡಿ, ಬಾಯಿ ಎಲ್ಲವನ್ನೂ ಅಳೆದು ಕೂರಿಸಿದ್ದರು.

ಬಾಯಿ ಅಗಲವಾದರೆ ಏನಾಗುತ್ತದೆ ಎಂದು ಆಚಾರಿಗಳನ್ನು ಕೇಳಬೇಕಿಲ್ಲ. ಬ್ಲೇಡು ಸಿಪ್ಪೆ ಎಬ್ಬಿಸುವಾಗ ಅದರ ಮುಂದಿನ ಮರವನ್ನು ಒತ್ತಿ ಹಿಡಿಯುವುದು ಬಾಯಿಯ ಮುಂದಿನ ತುಟಿ. ಆ ತುಟಿ ದೂರ ಹೋದರೆ ಎದುರು ನಾರಿನ ಮರ ಸಿಪ್ಪೆ ಏಳುವ ಬದಲು ಕಿತ್ತುಕೊಂಡು ಬರುತ್ತದೆ. ಹಾಗೆಯೇ ಬಂತು.

ಎದುರು ಬೀದಿಯಲ್ಲಿ ಅಂಬತ್ತೂರು ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಡೈ ಮಾಡುವ ಟೂಲ್‌ರೂಮಿನ ಫೋರ್‌ಮನ್ ಆಗಿದ್ದು ನಿವೃತ್ತರಾದವರೊಬ್ಬರಿದ್ದರು. ಬೆಳಿಗ್ಗೆ ವಾಕಿಂಗಿನಲ್ಲಿ ಸಿಗುತ್ತಿದ್ದರು. ವಿಷಯ ಕೇಳಿ ಮನೆಗೆ ಬಂದು, ಕೀಸುಳಿಯನ್ನು ಮಗುಚಿ ನೋಡಿ, ಒಂದು ಕ್ಷಣ ಮಾತಾಡಲಿಲ್ಲ. ಆಮೇಲೆ ಬ್ಲೇಡು ಒರಗಿ ಕೂರುವ ಇಳಿಜಾರು ಎರಕದ ಎರಡು ಸ್ಕ್ರೂ ಸಡಿಲಿಸಿ, ಅದನ್ನು ಕೂದಲೆಳೆಯಷ್ಟು ಮುಂದೆ ತಳ್ಳಿ, ಬಾಯಿಯನ್ನು ಹಿಂದಿನಿಂದ ಕಿರಿದು ಮಾಡಿ ತೋರಿಸಿದರು. "ಮುಕ್ಕಾಲು ಪಾಲು ಸರಿಹೋಯಿತು ಸಾರ್. ಕಾಲು ಪಾಲು ನಿಮ್ಮ ಪಾಲಿಗೆ." ಮುಂದೆ ತಳ್ಳಿದ ಎರಕದಿಂದ ಬ್ಲೇಡಿನ ಕೆಳತುದಿಗೆ ತಳದ ಆಸರೆ ತುಸು ತಪ್ಪುತ್ತದೆ. ಗಟ್ಟಿ ಮರದಲ್ಲಿ ಅದು ಈಗಲೂ ಸಣ್ಣಗೆ ನಡುಗುತ್ತದೆ.

ಅವರು ಬರೆದುಕೊಟ್ಟ ಚೀಟಿಯಲ್ಲಿ ನಾಲ್ಕು ಅಕ್ಷರ: ಓಎಚ್‌ಎನ್‌ಎಸ್. ಎಣ್ಣೆಯಲ್ಲಿ ಅದ್ದಿದರೆ ಗಟ್ಟಿಯಾಗುವ, ಗಟ್ಟಿಯಾಗುವಾಗ ಅಳತೆ ಹೆಚ್ಚು ಕೆಡದ ಉಕ್ಕು. ಈ ದೇಶದ ಯಾವ ಟೂಲ್‌ರೂಮಿಗೆ ಹೋದರೂ ಗೊತ್ತಿರುವ ಹೆಸರು. ಇಂಗಾಲ ನೂರಕ್ಕೆ ಸುಮಾರು 0.9, ಮ್ಯಾಂಗನೀಸ್ ಒಂದಕ್ಕಿಂತ ತುಸು ಮೇಲೆ, ಚಿಟಿಕೆ ಕ್ರೋಮಿಯಂ, ಚಿಟಿಕೆ ಟಂಗ್‌ಸ್ಟನ್. ಮೂರು ಮಿಲಿಮೀಟರ್ ದಪ್ಪ, ಐವತ್ತು ಅಗಲದ ಪಟ್ಟಿ ತಂದೆ. ಅಜ್ಜನ ಬ್ಲೇಡು ಎರಡು ಅಂಗುಲ, ಅಂದರೆ 50.8. ಆ 0.8 ಮಿಲಿಮೀಟರ್ ಕೊರತೆಯನ್ನು ಫೋರ್‌ಮನ್ ಸಾರ್ ಮನ್ನಿಸಿದರು, ದಪ್ಪವನ್ನು ಮನ್ನಿಸಲಿಲ್ಲ. ಅಂಬತ್ತೂರಿನಲ್ಲಿ ಗ್ರೈಂಡಿಂಗ್ ಮಾಡುವವನೊಬ್ಬನ ಹತ್ತಿರ ಕಳಿಸಿ 2.2ಕ್ಕೆ ಇಳಿಸಿದರು.

ಸೀಳು ಕೊರೆಯುವ ಕೆಲಸ ನನ್ನದು. ಹನ್ನೊಂದು ಮಿಲಿಮೀಟರ್ ಅಗಲದ ಉದ್ದ ಸೀಳು, ಒಂದು ತುದಿಗೆ ಸ್ಕ್ರೂ ತಲೆ ತೂರುವಷ್ಟು ದೊಡ್ಡ ತೂತು, ನೋಡಲು ಬೀಗದ ಕಿಂಡಿ. ಸಾಲಾಗಿ ತೂತು ಕೊರೆದು, ನಡುವಿನ ಗೋಡೆಗಳನ್ನು ಒಡೆದು, ಅರದಲ್ಲಿ ಸಮ ಮಾಡಬೇಕು. ಗಟ್ಟಿ ಮಾಡುವ ಮೊದಲೇ ಇದೆಲ್ಲ ಮುಗಿಯಬೇಕು, ಆಮೇಲೆ ಅರ ಹತ್ತುವುದಿಲ್ಲ. ಒಂದು ಸೀಳಿಗೆ ನನಗೆ ಎರಡು ದಿನ ಹಿಡಿಯಿತು. ಮೂರು ಬ್ಲೇಡು ಮಾಡಿ, ಹದ ಹಾಕುವ ಒಂದು ಕಾರ್ಖಾನೆಗೆ ಕೊಟ್ಟೆ. ಒಂದು ಬಾಳೆಕಾಯಿಯ ಹಾಗೆ ಬಾಗಿ ಬಂತು. ಇನ್ನೊಂದು ಸೀಳಿನ ಮೂಲೆಯಿಂದ ಅಂಚಿನ ತನಕ ಬಿರುಕು ಬಿಟ್ಟಿತ್ತು. ಅವರಿಗೆ ಬೈಯಲು ಫೋನು ಎತ್ತಿದ್ದೆ, ಫೋರ್‌ಮನ್ ಸಾರ್ ಫೋನು ಕಸಿದುಕೊಂಡು ಬಿರುಕಿನ ಬೇರನ್ನು ತೋರಿಸಿದರು. ಸೀಳಿನ ಒಳಮೂಲೆಯನ್ನು ನಾನು ಚೂಪಾಗಿ, ಚೌಕವಾಗಿ, ಅಂದವಾಗಿ ಅರೆದಿದ್ದೆ. ಕಾದ ಉಕ್ಕು ಎಣ್ಣೆಯಲ್ಲಿ ತಣಿದು ಬಿಗಿಯುವಾಗ ಆ ಬಿಗುವೆಲ್ಲ ಚೂಪು ಮೂಲೆಗೇ ಹೋಗಿ ಕೂರುತ್ತದೆ. ಅಂಥ ಮೂಲೆ ದುಂಡಗಿರಬೇಕು. ಅಂದ ಮಾಡಲು ಹೋಗಿ ಒಡೆದದ್ದು ನಾನೇ.

ಆಮೇಲೆ ಟೆರೇಸಿನಲ್ಲಿ ನಮ್ಮದೇ ಕುಲುಮೆ ಹೂಡಿದೆವು. ಬೆಂಕಿಗೆ ತಡೆಯುವ ಇಟ್ಟಿಗೆ ಎಂಟು, ಗ್ಯಾಸಿನ ಟಾರ್ಚು ಒಂದು. ಚೆನ್ನೈ ಬಿಸಿಲಿನಲ್ಲಿ ಕಾದ ಉಕ್ಕಿನ ಬಣ್ಣ ಕಾಣುವುದಿಲ್ಲ, ಎಲ್ಲವೂ ಬೂದಿಯ ಹಾಗೆ. ದೀಪ ಹಚ್ಚುವ ಹೊತ್ತಿಗೆ ಶುರು ಮಾಡುತ್ತಿದ್ದೆವು. ಮೊದಲು ಕಡುಗೆಂಪು, ಆಮೇಲೆ ದಾಸವಾಳ, ಮೆಲ್ಲಗೆ ಕಿತ್ತಳೆಯ ಕಡೆಗೆ. ಹಳೇ ರೇಡಿಯೋ ಸ್ಪೀಕರಿನ ಅಯಸ್ಕಾಂತವನ್ನು ತಂತಿಗೆ ಕಟ್ಟಿ ಹತ್ತಿರ ಹಿಡಿದರೆ, ಸುಮಾರು 770 ಡಿಗ್ರಿಯಲ್ಲಿ ಅದು ಬ್ಲೇಡನ್ನು ಎಳೆಯುವುದು ನಿಲ್ಲಿಸುತ್ತದೆ. ಅದಕ್ಕಿಂತ ಇನ್ನೊಂದಿಷ್ಟು ಮೇಲೆ, 800ರ ಆಸುಪಾಸು ಬೇಕು. ಅಡುಗೆ ಉಪ್ಪು ಕರಗುವುದು 801ಕ್ಕೆ ಎಂದು ಮಗಳ ರಸಾಯನಶಾಸ್ತ್ರ ಪುಸ್ತಕದಲ್ಲಿ ನೋಡಿ, ಬ್ಲೇಡಿನ ಬಾಲದ ಮೇಲೆ ನಾಲ್ಕು ಕಾಳು ಹಾಕಿದೆ. ಹರಳು ಹನಿಯಾದಾಗ ಇಬ್ಬರು ಮುದುಕರೂ ಮಕ್ಕಳ ಹಾಗೆ ಕೂಗಿದೆವು. ತಣಿಸಲು ಎತ್ತರದ ಎವರ್‌ಸಿಲ್ವರ್ ಪಾತ್ರೆಯಲ್ಲಿ ಕಡಲೆಕಾಯಿ ಎಣ್ಣೆ, ಉಗುರುಬೆಚ್ಚಗಿಂತ ತುಸು ಜಾಸ್ತಿ ಕಾಯಿಸಿದ್ದು. ಬ್ಲೇಡನ್ನು ನೆಟ್ಟಗೆ, ಒಂದೇ ಸಲಕ್ಕೆ ಇಳಿಸಬೇಕು; ಓರೆಯಾದರೆ ಒಂದು ಬದಿ ಮೊದಲು ತಣಿದು ಬಾಗುತ್ತದೆ. ಭುಗ್ಗೆಂದು ಜ್ವಾಲೆ ಎದ್ದು ಅಡಗಿದ ಮೇಲೆ ಇಡೀ ಬೀದಿಗೆ ಬಜ್ಜಿಯ ವಾಸನೆ. ಮೇಲಿನ ಮನೆಯ ಹುಡುಗ ತಟ್ಟೆ ಹಿಡಿದು ಬಂದದ್ದು ಸುಳ್ಳಲ್ಲ.

ಅರ ಹಾಕಿದರೆ ಗಾಜಿನ ಮೇಲೆ ಎಳೆದ ಹಾಗೆ ಜಾರಿತು. ಗಟ್ಟಿಯಾಗಿದೆ. ಆದರೆ ಆ ಸ್ಥಿತಿಯಲ್ಲಿ ಬ್ಲೇಡು ಕೈತಪ್ಪಿ ಬಿದ್ದರೆ ಹಪ್ಪಳ. ಸ್ವಲ್ಪ ಬಿಗುಪು ಇಳಿಸಬೇಕು, ಅದೇ ಹದ. ಹೆಂಡತಿಯ ಕೇಕ್ ಒಲೆಯಲ್ಲಿ 200 ಡಿಗ್ರಿಗೆ ಎರಡು ಗಂಟೆ. ಉಜ್ಜಿ ಬೆಳ್ಳಗೆ ಮಾಡಿದ ಉಕ್ಕಿನ ಮೇಲೆ ಶಾಖ ಏರಿದಂತೆ ಬಣ್ಣಗಳು ನಡೆದು ಬರುತ್ತವೆ: ಹುರಿಗಡಲೆಯ ತೆಳು ಹಳದಿ, ಅಲ್ಲಿಂದ ಬೆಲ್ಲ, ಬೆಲ್ಲದಿಂದ ನೇರಳೆ, ಕೊನೆಗೆ ನವಿಲಿನ ಕೊರಳು. ಕೀಸುಳಿಗೆ ಹುರಿಗಡಲೆಯಲ್ಲೇ ನಿಲ್ಲಬೇಕು. ನೀಲಿಗೆ ಹೋದರೆ ಸ್ಪ್ರಿಂಗು, ಮತ್ತೆ ಪುದುಪೇಟ್ಟೈ.

ಆ ವರ್ಷವೂ ಮುಂದಿನ ವರ್ಷವೂ ಸೇರಿ ಹನ್ನೊಂದು ಬ್ಲೇಡು ಮಾಡಿದೆ. ಕೆಲಸಕ್ಕೆ ಬಂದವು ನಾಲ್ಕು. ಅಡುಗೆಮನೆ ಕಟ್ಟೆಗೆ ಹಾಕಿ ಮಿಕ್ಕಿದ ಗ್ರಾನೈಟ್ ತುಂಡಿನ ಮೇಲೆ ಮರಳುಕಾಗದ ಅಂಟಿಸಿ ಬೆನ್ನು ಉಜ್ಜಿದೆ. ಕಿಟಕಿಯ ಸರಳು ಅದರಲ್ಲಿ ಬಾಗದೆ ಕಾಣುವ ತನಕ ಉಜ್ಜಬೇಕು. ಇಳಿಜಾರು 25 ಡಿಗ್ರಿಗೆ, ಮೊನೆ ಮಾತ್ರ 30ಕ್ಕೆ. ಮೊದಲ ಒಳ್ಳೆಯ ಬ್ಲೇಡನ್ನು ರೆಕಾರ್ಡಿಗೆ ಹಾಕಿ ಚಕ್ರ ತಿರುಗಿಸಿದಾಗ ಕವೆಯ ನಾಲಿಗೆ ಕಿಂಡಿಯಲ್ಲಿ ಸಿಕ್ಕ ಸದ್ದು, 'ಟಕ್' ಎಂದು, ಕೈಗೆ ಕೇಳಿಸಿತು. ತೇಗದ ಮೇಲೆ ಎಳೆದೆ. ಬಾಯಿಯಿಂದ ಸುರುಳಿ ಎದ್ದು ಬೆರಳ ಮೇಲೆ ಬಿತ್ತು. ಅದರ ವಾಸನೆಗೆ ಪೆರಂಬೂರಿನ ವಠಾರ, ಅಜ್ಜನ ಖಾಕಿ ಶರ್ಟಿನ ಜೇಬು, ಎಲ್ಲ ಒಟ್ಟಿಗೆ ಬಂದು ನಿಂತವು.

ಇಂಗ್ಲಿಷ್ ಮರದ ಕೀಸುಳಿಯ ಬ್ಲೇಡಿನದು ಬೇರೆ ಕಥೆ. ಅದರ ಮೇಲೆ 'ಕ್ಯಾಸ್ಟ್ ಸ್ಟೀಲ್' ಎಂಬ ಮುದ್ರೆ. ಮೊನೆಯ ಕಡೆ ದಪ್ಪ, ಬಾಲದ ಕಡೆ ತೆಳು, ಹಾಗಾಗಿ ಮರ ಒತ್ತಿದಷ್ಟೂ ಬೆಣೆಗೆ ಇನ್ನೂ ಬಿಗಿಯಾಗಿ ಸಿಕ್ಕುತ್ತದೆ. ಇಡೀ ಬ್ಲೇಡು ಉಕ್ಕಲ್ಲ. ಮೆದು ಕಬ್ಬಿಣದ ಬೆನ್ನಿಗೆ ತೆಳು ಉಕ್ಕಿನ ಹೊದಿಕೆಯನ್ನು ಕುಲುಮೆಯಲ್ಲಿ ಬೆಸೆದದ್ದು. ಮಸೆದಾಗ ಎರಡರ ನಡುವಿನ ಗೆರೆ ಪಂಚೆಯ ಅಂಚಿನ ಹಾಗೆ ಕಾಣುತ್ತದೆ. ಈ ಬೆಸುಗೆಯ ಹಿಂದೆ ಮದ್ರಾಸಿನ ಒಬ್ಬ ಮನುಷ್ಯನಿದ್ದಾನೆ ಎಂದು ತಿಳಿದಾಗ ನನಗೆ ಆ ಬ್ಲೇಡಿನ ಮೇಲೆ ಅಭಿಮಾನ ಇಮ್ಮಡಿಯಾಯಿತು. ಜೋಸೈಯಾ ಮಾರ್ಷಲ್ ಹೀತ್ ಎಂಬ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಕಡಲೂರಿನ ದಕ್ಷಿಣಕ್ಕೆ ಪರಂಗಿಪೇಟೈಯಲ್ಲಿ 1830ರಲ್ಲಿ ಕಬ್ಬಿಣದ ಕಾರ್ಖಾನೆ ಹೂಡಿದ. ನಮ್ಮ ಕಡೆಯವರು ಮೂಸೆಯಲ್ಲಿ ಉಕ್ಕು ಮಾಡುವ ರೀತಿಯನ್ನು ಗಮನಿಸಿ ಅದರ ಬಗ್ಗೆ ಬರೆದ. ಆಮೇಲೆ ಇಂಗ್ಲೆಂಡಿಗೆ ಹೋಗಿ, ಮೂಸೆಗೆ ಮ್ಯಾಂಗನೀಸ್ ಸೇರಿಸಿದರೆ ಉಕ್ಕು ಚೆನ್ನಾಗಿ ಬೆಸೆದುಕೊಳ್ಳುತ್ತದೆ ಎಂದು 1839ರಲ್ಲಿ ಪೇಟೆಂಟ್ ಪಡೆದ. ಶೆಫೀಲ್ಡಿನವರು ಅವನ ಪೇಟೆಂಟಿನ ಮಾತಿನಲ್ಲಿ ಸಂದು ಹುಡುಕಿ, ಅದನ್ನೇ ಸ್ವಲ್ಪ ಬೇರೆ ರೂಪದಲ್ಲಿ ಮಾಡಿಕೊಂಡು ಲಾಭ ಮಾಡಿದರು. ಹೀತ್ ಕೋರ್ಟು ಅಲೆದು 1851ರಲ್ಲಿ ಸತ್ತ. ಅದಕ್ಕೂ ಮೊದಲು, 1795ರಲ್ಲೇ, ನಮ್ಮ ಮೂಸೆ ಉಕ್ಕಿನ ಮೇಲೆ ಲಂಡನ್ನಿನಲ್ಲಿ ಜಾರ್ಜ್ ಪಿಯರ್ಸನ್ ಲೇಖನ ಓದಿದ್ದ. ಇಂಗ್ಲಿಷರು ಅದನ್ನು ಕರೆದದ್ದು 'ವೂಟ್ಜ್' ಎಂದು. ಕನ್ನಡದ ಉಕ್ಕು ಅವರ ನಾಲಿಗೆಯಲ್ಲಿ ಹಾಗಾಯಿತು ಎನ್ನುವುದು ಬಲ್ಲವರ ಮಾತು. ಆ ಬ್ಲೇಡನ್ನು ಬದಲಾಯಿಸುವ ಗೋಜಿಗೆ ಹೋಗಲಿಲ್ಲ. ದಪ್ಪ ಮೈ, ಗುಳಿಗಳು ಆಳವಿರಲಿಲ್ಲ. ಎರಡು ವಾರ ಗ್ರಾನೈಟಿನ ಮೇಲೆ, ಉಕ್ಕಿನ ಹೊದಿಕೆ ಎಲ್ಲಿ ಹರಿದುಹೋಗುತ್ತದೋ ಎಂದು ಹೆದರುತ್ತಲೇ ಉಜ್ಜಿ ಉಳಿಸಿಕೊಂಡೆ.

ಅಜ್ಜ ಊರಿಂದ ತಂದ ಕೀಸುಳಿಯನ್ನು ಕೊನೆಗೆ ತೆಗೆದೆ. ನೆರೆಯ ನೀರಿಗೆ ಮರ ಸೀಳಿತ್ತು. ಬ್ಲೇಡನ್ನು ಹೊರಗೆ ಎಳೆದು ತಿಕ್ಕಿ ನೋಡಿದರೆ ಅದು ಗಿಡ್ಡವಾಗಿತ್ತು, ಹೆಬ್ಬೆರಳಿಗಿಂತ ತುಸು ಉದ್ದ. ಮೊನೆಗೆ ಅರ ಹಾಕಿದೆ, ಸಲೀಸಾಗಿ ಕಚ್ಚಿತು. ಬರೀ ಮೆದು ಕಬ್ಬಿಣ. ನಮ್ಮೂರಿನ ಕಮ್ಮಾರ ತುದಿಗೆ ಬೆಸೆದಿದ್ದ ಉಕ್ಕನ್ನು ಅಜ್ಜ ಮಸೆದು ಮಸೆದು ಪೂರ್ತಿ ಖರ್ಚು ಮಾಡಿದ್ದರು. ನೆರೆ ಅದರಿಂದ ಕಿತ್ತುಕೊಳ್ಳಲು ಏನೂ ಉಳಿದಿರಲಿಲ್ಲ. ಅದಕ್ಕೆ ಹೊಸ ಬ್ಲೇಡು ಮಾಡುತ್ತೀರಾ ಎಂದು ಫೋರ್‌ಮನ್ ಸಾರ್ ಕೇಳಿದರು. ಬೇಡ ಎಂದೆ. ಆಯುಧಪೂಜೆಗೆ ಅದನ್ನೇ ಮುಂದೆ ಇಡುತ್ತೇನೆ.

ಹೋದ ವರ್ಷ ಐಪ್ಪಸಿ ತಿಂಗಳ ಮಳೆಗೆ ದೇವರಮನೆಯ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡಿತು. ನಾನೇ ಹೆರೆಯಬಹುದಿತ್ತು, ಬಾಗಿಲು ಕಳಚಿ ಹಿಡಿಯುವ ಶಕ್ತಿ ಈಗಿಲ್ಲ. ಒಬ್ಬ ಹುಡುಗ ಆಸಾರಿ ಕರೆಂಟಿನ ಯಂತ್ರ ತಂದ. ಬಾಗಿಲು ಬಿಚ್ಚಿ ಬೆಂಚಿಗೆ ಒರಗಿಸುವಷ್ಟರಲ್ಲಿ ಕರೆಂಟು ಹೋಯಿತು. ಮಳೆ ಬೇರೆ. ನಾನು ಸಂಕೋಚದಿಂದಲೇ ರೆಕಾರ್ಡನ್ನು ತಂದುಕೊಟ್ಟೆ. ಅವನು ಅದನ್ನು ತೂಗಿ ನೋಡಿ, ಮಗುಚಿ, ಒಂದು ಕಣ್ಣು ಮುಚ್ಚಿ, ತಳದುದ್ದಕ್ಕೂ ನೋಡಿದ. ಯಾರೂ ಕಲಿಸಿರಬೇಕಾಗಿಲ್ಲ, ಆ ನೋಟ ಕೈಗಳ ಜತೆಗೇ ಬರುತ್ತದೆ. ಬಾಗಿಲಿನ ಅಂಚಿಗೆ ಹಿಡಿದು ಎರಡು ಸಲ ಎಳೆದ. ಉದ್ದನೆಯ ಸುರುಳಿಗಳು, ಕಡಿಯದೆ. ಬೆರಳಿನಲ್ಲಿ ಮೊನೆ ಮುಟ್ಟಿ, "ಬ್ಲೇಡು ನಲ್ಲಾ ಇರುಕ್ಕು ಸಾರ್" ಎಂದ. ನಾನು ಉಬ್ಬಿದೆ. ಬಾಯಿ ತೆರೆಯುವಷ್ಟರಲ್ಲಿ ಅವನು ಕೀಸುಳಿಯನ್ನು ಮತ್ತೆ ಮಗುಚಿ, ಬಾಯಿಯ ಮುಂದಿನ ತುಟಿಯ ಮೇಲೆ ಉಗುರು ಓಡಿಸಿದ. ಅರದ ಗೀರುಗಳು ಅಲ್ಲಿ ಇನ್ನೂ ಇವೆ.

"ಇದೋಡ ವಾಯೆ ಯಾರ್ ಸಾರ್ ಅರಾವಿನದು?"

ಇದರ ಬಾಯಿಯನ್ನು ಅರೆದವರು ಯಾರು?

"ಅದು ಹಳೇ ಕಾಲದ್ದು" ಎಂದೆ.

ಅವನು ನನ್ನ ಮುಖ ನೋಡಿದ. ಏನೂ ಹೇಳದೆ ಬಾಗಿಲಿನ ಕಡೆ ತಿರುಗಿ, ಮಿಕ್ಕಿದ ಅಂಚನ್ನು ಹೆರೆದು ಮುಗಿಸಿ, ಕೀಸುಳಿಯನ್ನು ಬೆಂಚಿನ ಮೇಲೆ ಅಡ್ಡ ಮಲಗಿಸಿದ.